ನಕ್ಷತ್ರದ ದಂಡಿಗೆ ಹೊಣೆ ನಿಂತವನು

ನಮ್ಮೂರಿನ ದಸ್ತಗೀರ್ ಸಾಹೇಬರ ಟಾಕೀಸಿನಲ್ಲಿ ಸಿನಿಮಾ ಮುಗಿದ ಮೇಲೆ ಯಾರೂ ಎದ್ದು ಹೋಗುವುದಿಲ್ಲ. ಪರವೂರಿನವರು ಬಂದಿದ್ದರೆ ಪರದೆಯ ಮೇಲೆ 'ಶುಭಂ' ಬಿದ್ದ ಕೂಡಲೇ ಕತ್ತಲಲ್ಲಿ ಚಪ್ಪಲಿ ತಡಕಾಡುತ್ತಾರೆ. ನಾವು ಅವರ ಅಂಗಿ ಜಗ್ಗಿ ಕೂರಿಸುತ್ತೇವೆ. ನಮ್ಮ ಲೆಕ್ಕದಲ್ಲಿ ಸಿನಿಮಾ ಆಗ ಅರ್ಧ ಮಾತ್ರ ಆಗಿರುತ್ತದೆ, ಇನ್ನರ್ಧ ಪ್ರಶ್ನೆಗಳದ್ದು. ಪರದೆಯ ಕೆಳಗೆ ಒಂದು ಕಬ್ಬಿಣದ ಕುರ್ಚಿ ಹಾಕುತ್ತಾರೆ. ಆ ಸಿನಿಮಾಕ್ಕೆ ಹೊಣೆ ನಿಂತವರು ಅಲ್ಲಿ ಬಂದು ಕೂರಬೇಕು, ಕಥೆಯಲ್ಲಿ ಯಾರಿಗೆ ಎಲ್ಲಿ ಎಡವಿದಂತಾಯಿತೋ ಅದಕ್ಕೆಲ್ಲ ಉತ್ತರ ಹೇಳಬೇಕು, ಕೇಳಿದವರು 'ಒಪ್ಪಿದೆ' ಅನ್ನಬೇಕು. ಒಂದೇ ಒಂದು ಪ್ರಶ್ನೆ ಒಪ್ಪಿಗೆಯಾಗದೆ ಉಳಿಯಿತೋ, ಊರಲ್ಲಿ ದೀಪ ಹಚ್ಚುವ ಹೊತ್ತಿಗೆ ಆ ಸಿನಿಮಾ ಎಲ್ಲರಿಗೂ ಮರೆತುಹೋಗುತ್ತದೆ. ರೀಲು ಬೆಳ್ಳಗಾಗುತ್ತದೆ. ಗೋಡೆಯ ಪೋಸ್ಟರಿನಲ್ಲಿ ಒಂದಕ್ಷರವೂ ಉಳಿಯುವುದಿಲ್ಲ, ಬರೀ ಕಾಗದ.

ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗೇನೂ ಇದು ದೊಡ್ಡದಲ್ಲ. ಸಂಜೆ ಮನೆಗೆ ಬಂದ ಗಂಡಸು ಪಂಚೆಯ ಮೇಲೆ ಮಂಡಕ್ಕಿ ಚೂರು ಕಂಡು, "ಓಹೋ, ಇವತ್ತೂ ಒಂದು ಹೋಯ್ತು" ಎಂದು ಕೊಡವಿಕೊಂಡು ಕೈಕಾಲು ತೊಳೆಯಲು ಹೋಗುತ್ತಾನೆ. ಹೆಂಗಸರ ಕಣ್ಣು ಊದಿರುತ್ತದೆ, ಯಾವುದಕ್ಕೆ ಅತ್ತದ್ದು ಎಂದು ಗೊತ್ತಿರುವುದಿಲ್ಲ. "ಚೆನ್ನಾಗಿತ್ತೇನೋ ಕಣೆ, ಸೆರಗೆಲ್ಲ ಒದ್ದೆ" ಎಂದು ನಲ್ಲಿಯ ಹತ್ತಿರ ಮಾತಾಡಿಕೊಳ್ಳುತ್ತಾರೆ. ಹೋದದ್ದಕ್ಕೆ ಯಾರೂ ಎದೆ ಬಡಿದುಕೊಂಡದ್ದಿಲ್ಲ. ಏನು ಹೋಯಿತು ಎಂದು ಗೊತ್ತಿದ್ದರೆ ತಾನೇ ಬಡಿದುಕೊಳ್ಳುವುದು!

ಆದರೆ ಇದಕ್ಕೂ ಕಟ್ಟುಪಾಡು ಇದೆ. ಡೈರೆಕ್ಟರಿಗೆ ತಲೆಯಿಲ್ಲ, ನಟನಿಗೆ ಅವತ್ತು ಜ್ವರ ಬಂದಿತ್ತು, ಇಂಥ ಹೊರಗಿನ ಮಾತು ಉತ್ತರವಾಗುವುದಿಲ್ಲ. ಉತ್ತರ ಸಿನಿಮಾದ ಒಳಗಿನದೇ ಆಗಿರಬೇಕು. ಬಾಯಿಮಾತಿನ ಒಪ್ಪಿಗೆಯೂ ನಡೆಯುವುದಿಲ್ಲ, ಹೊಟ್ಟೆಯೊಳಗೆ ಒಪ್ಪಿರಬೇಕು. ಮೇಷ್ಟರ ತಮ್ಮ ಏಳು ವರ್ಷ ಒದ್ದಾಡಿ ತಾನೇ ಒಂದು ಸಿನಿಮಾ ಮಾಡಿದ್ದನಂತೆ. ಪಾಪ, ನಮ್ಮ ಹುಡುಗ ಎಂದು ಊರಿಗೂರೇ ಬಾಯಿಗೆ ಬೀಗ ಹಾಕಿಕೊಂಡು, ಒಂದೂ ಪ್ರಶ್ನೆ ಕೇಳದೆ ಚಪ್ಪಾಳೆ ತಟ್ಟಿತಂತೆ. ದೀಪ ಹಚ್ಚುವಷ್ಟರಲ್ಲಿ ಮಾಯ. ಅಂತೆ ಎನ್ನುವುದು ಯಾಕೆಂದರೆ ಇದೆಲ್ಲ ಅವತ್ತು ಟಾಕೀಸಿನ ಹೊರಗಿದ್ದವರು ಹೇಳಿದ್ದು, ನಾನೂ ಒಳಗಿದ್ದೆನಂತೆ, ನನಗೂ ನೆನಪಿಲ್ಲ. ಸಾಹೇಬರ ರಿಜಿಸ್ಟರಿನಲ್ಲಿ ಆ ದಿನದ ಸಾಲು ಖಾಲಿ ಇದೆ. ಮೇಷ್ಟರ ತಮ್ಮ ಇವತ್ತಿಗೂ ಕಂಡಕಂಡವರನ್ನು "ನಾನು ಆ ಏಳು ವರ್ಷ ಏನು ಮಾಡ್ತಿದ್ದೆ?" ಎಂದು ಕೇಳುತ್ತಾನೆ. ನುಂಗಿಕೊಂಡ ಪ್ರಶ್ನೆಯೂ ಪ್ರಶ್ನೆಯೇ ಎಂದು ನಮಗೆ ಬುದ್ಧಿ ಬಂದದ್ದು ಅವತ್ತು.

ನಾನು ಸರ್ವಮಂಗಳ. ಬಸ್‌ಸ್ಟ್ಯಾಂಡಿನ ಹಿಂದಿರುವ ಹಿಟ್ಟಿನ ಗಿರಣಿ ನನ್ನದು. ಊರಿನವರಿಗೆ ನಾನು ಮಂಗಳಕ್ಕ. ಹೊಣೆ ನಿಂತವರು ಕುರ್ಚಿಯಲ್ಲಿ ಕೂರುವ ಮೊದಲು ಟಾಕೀಸಿನಲ್ಲೆಲ್ಲ ಒಮ್ಮೆ ಕಣ್ಣಾಡಿಸಿ ನಾನು ಬಂದಿದ್ದೇನೆಯೇ ಎಂದು ನೋಡುತ್ತಾರೆ, ಬಂದಿದ್ದರೆ ಒಂದು ಲೋಟ ನೀರು ಜಾಸ್ತಿ ತರಿಸಿಕೊಳ್ಳುತ್ತಾರೆ. ನನ್ನಿಂದ ಎಷ್ಟು ಸಿನಿಮಾ ಹೋಗಿವೆಯೋ ಯಾರಿಗೂ ಗೊತ್ತಿಲ್ಲ, ಅದೊಂದು ಪುಣ್ಯ. ನನ್ನದೇನು ತಪ್ಪು? ಹಿಂದಿನ ದೃಶ್ಯದಲ್ಲಿ ಎಡಗೈಗೆ ಕಟ್ಟಿದ್ದ ಪಟ್ಟಿ ಮುಂದಿನ ದೃಶ್ಯದಲ್ಲಿ ಬಲಗೈಗೆ ಬಂದಿದ್ದರೆ ನನ್ನ ಕಣ್ಣಿಗೆ ಬೀಳುತ್ತದೆ. ಅಕ್ಕಿಯಲ್ಲಿ ಕಲ್ಲು ಕಂಡವಳಿಗೆ ಆರಿಸಬೇಡ ಎಂದರೆ ಆಗುತ್ತದೆಯೇ? ಬೈಯುವವರು ಬೈದುಕೊಳ್ಳಲಿ ಎಂದು ನಾನು ತಲೆ ಕೆಡಿಸಿಕೊಂಡವಳಲ್ಲ. ಕಲಾಯಿ ಕಲ್ಲೇಶಪ್ಪ ಒಂದು ಬುಧವಾರ ಗಿರಣಿಯ ಬಾಗಿಲಿಗೆ ಬಂದು ನಿಲ್ಲುವವರೆಗೆ.

ಕಲ್ಲೇಶಪ್ಪನನ್ನು ನಾನು ಅಣ್ಣ ಎನ್ನುತ್ತೇನೆ. ನನಗಿಂತ ಹತ್ತು ವರ್ಷ ದೊಡ್ಡವನು. ತಾಮ್ರ ಹಿತ್ತಾಳೆ ಪಾತ್ರೆಗಳ ಒಳಗೆ ತವರ ಹಿಡಿಸುವ ಕೆಲಸ, ಈಗ ಸ್ಟೀಲು ಬಂದು ಅದೂ ಅಷ್ಟಕ್ಕಷ್ಟೇ. ಹೆಂಡತಿ ಗಂಗಮಾಳಿ ಹೋಗಿ ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವಳದೊಂದು ಫೋಟೋ ಸಹ ಇಲ್ಲ. ವೋಟಿನ ಕಾರ್ಡಿನಲ್ಲಿ ಒಂದಿದೆ, ಅದನ್ನು ನೋಡಿದರೆ ಅವಳೇ "ಇದ್ಯಾವಳೇ ಇವಳು" ಎಂದು ಉಗಿಯುತ್ತಿದ್ದಳು. ನನಗೂ ಅವಳಿಗೂ ಮೂವತ್ತು ವರ್ಷದ ಸ್ನೇಹ. ಅವಳು ಸತ್ತ ಮೇಲೆ ಗಿರಣಿಯಲ್ಲಿ ನನಗೆ ಎದುರು ಮಾತಾಡುವವರೇ ಇಲ್ಲ.

"ಮಂಗಳಮ್ಮಾ, 'ನಕ್ಷತ್ರದ ದಂಡು' ಬಂದೈತೆ" ಎಂದ ಕಲ್ಲೇಶಣ್ಣ. ಹಿಟ್ಟಿನ ಡಬ್ಬ ಕೈಯಲ್ಲಿತ್ತು, ಒಳಗೆ ಕಾಳಿರಲಿಲ್ಲ.

ನನಗೆ ತಟ್ಟನೆ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಹದಿನಾರು ವರ್ಷದ ಹಿಂದೆ ಯಾರೋ ಸಿನಿಮಾದವರು ಬಂದು ನಮ್ಮ ಕೆರೆ ಏರಿಯ ಮೇಲೆ ನಾಲ್ಕು ದಿನ ಶೂಟಿಂಗ್ ಮಾಡಿದ್ದರು. ಆಕಾಶದಿಂದ ದಂಡು ಇಳಿಯುತ್ತದೆ, ಊರು ಓಡುತ್ತದೆ, ಕೊನೆಗೆ ಮೆಣಸಿನಕಾಯಿ ಘಾಟಿಗೆ ದಂಡು ಸೋಲುತ್ತದೆ, ಅಷ್ಟೇ ಕಥೆ. ಆಕಾಶದ ಹಡಗುಗಳೆಂದರೆ ಮದುವೆ ಅಡುಗೆಯ ಕೊಪ್ಪರಿಗೆಗಳು. ಫಳಫಳ ಅನ್ನಲೆಂದು ಅವುಗಳ ಹೊರಮೈಗೂ ಕಲ್ಲೇಶಣ್ಣನ ಕೈಯಲ್ಲಿ ಕಲಾಯಿ ಹಾಕಿಸಿದ್ದರು. ಹಡಗು ಅದುರಬೇಕು, ಅದಕ್ಕೆ ಬೋರಲು ಹಾಕಿದ ಕೊಪ್ಪರಿಗೆಯ ಒಳಗೆ ಒಬ್ಬ ಕೂತು ಅಲ್ಲಾಡಿಸಬೇಕು. ತಾನು ಕಲಾಯಿ ಹಾಕಿದ್ದನ್ನು ಬೇರೆಯವರು ಮುಟ್ಟಕೂಡದೆಂದು ಒಳಗೆ ಕೂತವನೂ ಕಲ್ಲೇಶಣ್ಣನೇ. ಓಡುವ ಊರಾಗಿ ನಾವೆಲ್ಲ ಓಡಿದ್ದೆವು. ನಾನು ಎಲ್ಲರಿಗಿಂತ ಮುಂದೆ ಓಡಿದ್ದೆ, ಹಿಂದೆ ತಿರುಗಿ ನೋಡಿದವಳಲ್ಲ. ಆಮೇಲೆ ಆ ಸಿನಿಮಾ ಏನಾಯಿತೋ ಯಾರಿಗೂ ಗೊತ್ತಿರಲಿಲ್ಲ. ಎಲ್ಲೋ ಡಬ್ಬದಲ್ಲಿ ಕೊಳೆಯುತ್ತಿದ್ದ ಒಂದೇ ಒಂದು ಪ್ರಿಂಟು ಈಗ ಕೈಯಿಂದ ಕೈಗೆ ಬಂದು ದಸ್ತಗೀರ್ ಸಾಹೇಬರನ್ನು ಮುಟ್ಟಿತ್ತು.

"ನಿನ್ನೆ ಸಾಹೇಬ್ರು ನನಗೊಬ್ಬನಿಗೇ ಹಾಕಿ ತೋರ್ಸಿದ್ರು. ಅವಳಿದಾಳೆ ಕಣಮ್ಮ. ಓಡ್ತಾಳೆ. ಹಸಿರು ಸೀರೆ. ಉಸಿರು ಬಿಡೋದು ಸೈತ ಕಾಣ್ತದೆ" ಎಂದ. "ಒಂಬತ್ತು ಎಣಿಸೋವಷ್ಟು ಹೊತ್ತು ಇರ್ತಾಳೆ. ನಾನೇ ಹೊಣೆ ನಿಂತಿದೀನಿ. ನಾಡಿದ್ದು ಶುಕ್ರವಾರ ಮ್ಯಾಟ್ನಿ. ಉಳಿದ್ರೆ ತಿಂಗಳಿಗೊಂದು ಸಲ ಹಾಕ್ತೀನಿ, ಯಾವಾಗ ಬೇಕಾದ್ರೂ ಬಂದು ನೋಡಪ್ಪ ಅಂದಿದಾರೆ."

"ಒಳ್ಳೇದಾಯ್ತಲ್ಲ ಅಣ್ಣ."

"ಅದಕ್ಕೇ ಬಂದೆ." ಅವನು ಡಬ್ಬದ ಮುಚ್ಚಳವನ್ನು ತೆಗೆದು, ಮತ್ತೆ ಮುಚ್ಚಿದ. "ನೀನು ಬರಬೇಡ."

ಮುಖಕ್ಕೆ ಹೊಡೆದಂತಾಯಿತು. ನಾನು ಸುಮ್ಮನಿರುವವಳೇ? "ಅಂದ್ರೆ ನಾನೇನು ಮಾರಿಯಾ? ಊರಿನೋರೆಲ್ಲ ಬರಬೋದು, ನಾನೊಬ್ಳು ಬರಬಾರ್ದು?" ಎಂದೆ.

"ನಿನ್ನ ಕಣ್ಣು ಕೆಟ್ಟದ್ದು ಕಣಮ್ಮ. ಬೇರೆಯೋರು ಕೇಳೋದಕ್ಕೆ ಹೆಂಗಾದ್ರೂ ಹೇಳ್ತೀನಿ, ನಿನ್ನೆಯಿಂದ ಅದೇ ಯೋಚ್ನೆ ಮಾಡ್ತಿದೀನಿ. ನೀನು ಎಲ್ಲಿ ಕೈ ಹಾಕ್ತೀಯೋ ಯಾರಿಗೆ ಗೊತ್ತು. ಕೈ ಮುಗೀತೀನಿ."

ಅವನು ನಿಜವಾಗಿ ಕೈ ಮುಗಿದ. ಕಲಾಯಿ ಹಾಕಿ ಹಾಕಿ ಬೆರಳ ತುದಿಯೆಲ್ಲ ಬೆಂದು ಕಪ್ಪಾದ ಕೈ. ಆಯ್ತು ಹೋಗು ಎಂದುಬಿಟ್ಟೆ.

ಅಂದದ್ದೇನೋ ಅಂದೆ. ಆದರೆ ಗುರುವಾರವೆಲ್ಲ ನನಗೆ ಒಂದೇ ಸಮನೆ ಅವಳದೇ ನೆನಪು. ಅವನಿಗೆ ಹೆಂಡತಿಯಾದರೆ ನನಗೆ ಯಾರೂ ಅಲ್ಲವೇ? ಅವಳು ಓಡುವುದನ್ನು ನೋಡಬೇಕು ಎಂದು ನನಗೂ ಆಸೆಯಾಯಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಕೊನೆಗೆ ಒಂದು ಉಪಾಯ ಹೂಡಿದೆ. ಸಿನಿಮಾ ನೋಡಿದರೆ ತಾನೇ ಪ್ರಶ್ನೆ ಹುಟ್ಟುವುದು? ನೋಡುವುದೇ ಇಲ್ಲ. ಕೂತಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿರುವುದು, ಜನ ಓಡುವ ಗದ್ದಲ ಕೇಳಿಸಿದಾಗ ಮಾತ್ರ ತೆರೆದು, ಗಂಗಮಾಳಿಯನ್ನು ನೋಡಿ, ಮತ್ತೆ ಮುಚ್ಚಿಕೊಳ್ಳುವುದು. ಕಣ್ಮುಚ್ಚಿದವಳಿಗೆ ಕಲ್ಲೆಲ್ಲಿ ಕಾಣುತ್ತದೆ! ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಶುಕ್ರವಾರ ಟಾಕೀಸು ತುಂಬಿಹೋಗಿತ್ತು. ತಾವು ಓಡಿದ್ದನ್ನು ತಾವೇ ನೋಡಲು ಯಾರಿಗೆ ಆಸೆಯಿರುವುದಿಲ್ಲ? ನಾನು ತಲೆಯ ಮೇಲೆ ಸೆರಗು ಹೊದ್ದು ಹಿಂದಿನ ಬಾಗಿಲಿನಿಂದ ಬಂದು, ಕೊನೆಯ ಸಾಲಿನ ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಟಿಫನ್ ರೂಮಿನ ವನಜಾಕ್ಷಿ ಇದ್ದಳು. "ಇದೇನೇ ಮಂಗಳಕ್ಕ, ಕಾಸು ಕೊಟ್ಟು ನಿದ್ದೆ ಮಾಡೋಕೆ ಬಂದ್ಯಾ?" ಎಂದಳು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಕತ್ತಲಲ್ಲಿ ದಂಡಿನವರು "ಬಾಗು! ಬಾಗು!" ಎಂದು ಅರಚುತ್ತಿದ್ದುದು ಕೇಳಿಸುತ್ತಿತ್ತು, ಕೊಪ್ಪರಿಗೆ ಅದುರುವ ಸದ್ದು ಕೇಳಿಸುತ್ತಿತ್ತು. ಜನ ನಗುತ್ತಿದ್ದರು. ನಡುನಡುವೆ ಪೋಸ್ಟ್‌ಮ್ಯಾನ್ ಓಬಳೇಶ ಅಲ್ಲೇ ಮುಂದಿನ ಸಾಲಿನಲ್ಲಿ "ಇದೆಂಗಾಗ್ತದೆ?" ಎಂದು ಗೊಣಗುತ್ತಿದ್ದ.

ಆಮೇಲೆ ಗದ್ದಲ ಎದ್ದಿತು. ನಾನು ಕಣ್ಣು ತೆರೆದೆ.

ಕೆರೆ ಏರಿಯ ಮೇಲೆ ಊರೆಲ್ಲ ಎಡದಿಂದ ಬಲಕ್ಕೆ ಓಡುತ್ತಿತ್ತು. ಸತ್ತವರು, ಊರು ಬಿಟ್ಟವರು, ಈಗ ಕೋಲು ಹಿಡಿದು ನಡೆಯುವವರು, ಎಲ್ಲರೂ. ನನ್ನದು ಒಂದು ಮೊಣಕೈ ಮಾತ್ರ ಕಂಡು ಮರೆಯಾಯಿತು. ಅದರ ಹಿಂದೆಯೇ ಗಂಗಮಾಳಿ ಬಂದಳು. ಹಸಿರು ಸೀರೆ, ಬಾಯಿ ಅರ್ಧ ತೆರೆದಿತ್ತು, ತುರುಬು ಬಿಚ್ಚಿಹೋಗುತ್ತಿತ್ತು. ಅಯ್ಯೋ ನನ್ನವ್ವ, ಎಷ್ಟು ಚೆನ್ನಾಗಿದ್ದಳು! ನನ್ನ ಕಣ್ಣಲ್ಲಿ ನೀರು ಬಂತು. ನಾಲ್ಕು ಮಾರು ಓಡಿದಳು. ಆಮೇಲೆ ನಿಂತಳು. ತಿರುಗಿದಳು. ಓಡಿ ಬರುತ್ತಿದ್ದ ಜನರ ನಡುವೆ ಭುಜ ತೂರಿಸಿಕೊಂಡು, ದಂಡು ಇಳಿದ ಎಡಗಡೆಗೇ ನಡೆದು, ಪರದೆಯಿಂದ ಹೊರಗೆ ಹೋಗಿಬಿಟ್ಟಳು.

ನಾನು ಗಬಕ್ಕನೆ ಕಣ್ಣು ಮುಚ್ಚಿದೆ. ಏನು ಪ್ರಯೋಜನ? ಕಲ್ಲು ಕಂಡಾಗಿತ್ತು. ಇಡೀ ಸಿನಿಮಾದಲ್ಲಿ ನಾನು ನೋಡಿದ್ದು ಒಂಬತ್ತು ಎಣಿಸುವಷ್ಟು, ಆ ಒಂಬತ್ತರಲ್ಲೇ ಅದು ಕೂತಿತ್ತು. ಅವಳು ಯಾಕೆ ತಿರುಗಿದಳು? ಎಲ್ಲಿಗೆ ಹೋದಳು?

ದೀಪ ಹಾಕಿದರು, ಕುರ್ಚಿ ಹಾಕಿದರು. ಕಲ್ಲೇಶಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕೂತ. ನಾನು ವನಜಾಕ್ಷಿಯ ಬೆನ್ನ ಹಿಂದೆ ತಲೆ ತಗ್ಗಿಸಿದೆ. ಮೊದಲು ಎದ್ದವನು ಓಬಳೇಶ. "ನಕ್ಷತ್ರದಿಂದ ಬಂದೋರಿಗೆ ನಮ್ಮ ಭಾಷೆ ಹೆಂಗೆ ಬರ್ತದೆ?"

"ದಂಡೆತ್ತಿ ಬರೋರು ಮೊದಲು ಕಲಿಯೋದೇ ಭಾಷೆ ಓಬಳೇಶಪ್ಪ. ಕೊಡು, ಬಾಗು, ಬಾಯ್ಮುಚ್ಚು, ಈ ಮೂರು ಬಂದ್ರೆ ಅವರ ಕೆಲಸ ನಡೀತದೆ. ಸಿನಿಮಾ ಪೂರ್ತಿ ಅದಕ್ಕಿಂತ ಜಾಸ್ತಿ ಏನಾದ್ರೂ ಮಾತಾಡಿದ್ರಾ ಹೇಳು?"

ಓಬಳೇಶ ಯೋಚಿಸಿ, ಇಲ್ಲ ಎಂದು ತಲೆಯಾಡಿಸಿ, "ಒಪ್ಪಿದೆ" ಎಂದ. ವನಜಾಕ್ಷಿ ಎದ್ದಳು. ಅಷ್ಟು ದೂರ ಹಾರಿ ಬಂದವರಿಗೆ ಒಣಮೆಣಸಿನಕಾಯಿ ಹುರಿದ ಘಾಟು ತಡೆಯಲಾಗಲಿಲ್ಲವೇ, ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳಲು ಬರಲಿಲ್ಲವೇ ಎಂದಳು. ಕಲ್ಲೇಶಣ್ಣ ನಕ್ಕ. "ದೂರದಿಂದ ಬರೋನು ತನಗೆ ಗೊತ್ತಿರೋ ಭಯಕ್ಕೆ ಮಾತ್ರ ತಯಾರಾಗಿ ಬರ್ತಾನೆ ವನಜಮ್ಮ. ಬೆಂಕಿಗೆ ಕವಚ ತಂದ್ರು, ಗುಂಡಿಗೆ ಗುರಾಣಿ ತಂದ್ರು. ಇಲ್ಲಿ ಹೆಂಗಸ್ರು ಮೆಣಸಿನಕಾಯಿ ಹುರೀತಾರೆ ಅಂತ ಯಾವ ನಕ್ಷತ್ರದೋನಿಗೆ ಗೊತ್ತು? ಕಲಾಯಿಗೆ ಹಾಕೋ ನವಸಾಗರದ ಹೊಗೇಲಿ ನಲವತ್ತು ವರ್ಷ ಕೂತೋನು ನಾನು. ಮನೇಲಿ ಒಗ್ಗರಣೆಗೆ ಎರಡು ಮೆಣಸಿನಕಾಯಿ ಬಿದ್ರೆ ಬೀದಿಗೆ ಓಡಿ ಬರ್ತೀನಿ." ಟಾಕೀಸೆಲ್ಲ ನಕ್ಕಿತು, ಅವಳೂ ನಗುತ್ತಲೇ ಒಪ್ಪಿದಳು. ಇಷ್ಟು ದೊಡ್ಡ ಭೂಮಿಯಲ್ಲಿ ನಮ್ಮ ಕೆರೆ ಏರಿಯೇ ಯಾಕೆ ಬೇಕಿತ್ತು ಎಂದು ಯಾರೋ ಕೂಗಿದರು. "ನೊಣ ಎಲ್ಲಾದ್ರೂ ಒಂದು ಕಡೆ ಕೂರಲೇಬೇಕಲ್ಲಪ್ಪ. ಬೇರೆ ಊರಲ್ಲಿ ಕೂತಿದ್ರೆ ಅವರೂ ನಮ್ಮೂರೇ ಯಾಕೆ ಅಂತಿದ್ರು" ಎಂದ. ಹೀಗೆ ಹತ್ತೋ ಹನ್ನೆರಡೋ ಆದವು. ಒಂದಕ್ಕೂ ಅವನು ತಡವರಿಸಲಿಲ್ಲ. ಅಷ್ಟು ಚೆನ್ನಾಗಿ ಅವನು ಮಾತಾಡಬಲ್ಲ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಮಾತೆಲ್ಲ ಅವಳದೇ ಆಗಿತ್ತಲ್ಲ.

ದಸ್ತಗೀರ್ ಸಾಹೇಬರು ಎದ್ದು ನಿಂತು, "ಇನ್ಯಾರಾದ್ರೂ ಇದ್ದೀರಾ?" ಎಂದರು. ಯಾರೂ ಏಳಲಿಲ್ಲ. ಕಲ್ಲೇಶಣ್ಣನ ಮುಖ ಅರಳುತ್ತಿತ್ತು. ನನ್ನ ಗಂಟಲಲ್ಲಿ ಮಾತ್ರ ಕಡುಬು ಸಿಕ್ಕಿಕೊಂಡಂತಾಗಿತ್ತು. ನುಂಗಲು ನೋಡಿದೆ. ಅವಳಿಗೆ ದಾರಿ ತಪ್ಪಿರಬೇಕು ಎಂದುಕೊಂಡೆ, ಹುಚ್ಚು ಹಿಡಿದಿರಬೇಕು ಎಂದುಕೊಂಡೆ, ಯಾವುದೂ ಒಳಕ್ಕೆ ಇಳಿಯಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂತರೆ ಸಂಜೆಗೆ ಗಂಗಮಾಳಿ ಖಂಡಿತ ಹೋಗುತ್ತಾಳೆ. ಕೇಳಿದರೆ ಅವನು ಏನಾದರೂ ಹೇಳಬಹುದು, ಒಂದು ಕೂದಲೆಳೆಯಷ್ಟು ದಾರಿಯಿದೆ. ಕೆಟ್ಟವಳು ಅನ್ನಿಸಿಕೊಂಡರೂ ಸರಿ ಎಂದು ಎದ್ದು ನಿಂತೆ.

"ನಂದೊಂದಿದೆ" ಎಂದೆ.

ಅವನು ನನ್ನನ್ನು ನೋಡಿದ. ಆ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಬರಬೇಡ ಅಂದಿದ್ನಲ್ಲಮ್ಮ" ಎಂದ ಮೆಲ್ಲಗೆ.

"ಕಲ್ಲೇಶಣ್ಣ, ಹಸಿರು ಸೀರೆಯೋಳು ಎಲ್ಲರ ಜೊತೆ ಓಡ್ತಿದ್ಲು. ನಡೂಮಧ್ಯೆ ನಿಂತು, ತಿರುಗಿ, ದಂಡಿನ ಕಡೆಗೇ ಹೋದ್ಲು. ಯಾಕೆ ಹೋದ್ಲು?"

ಟಾಕೀಸಿಗೆ ಟಾಕೀಸೇ ನನ್ನ ಮೇಲೆ ಬಿತ್ತು. "ಮಂಗಳಕ್ಕ, ನಿಂಗೇನು ಎದೇಲಿ ಕಲ್ಲಿದೆಯಾ?" "ಸತ್ತೋಳನ್ನಾದ್ರೂ ಬಿಡೆ!" ವನಜಾಕ್ಷಿ ನನ್ನ ಸೀರೆ ಹಿಡಿದು ಎಳೆದಳು. ನಾನೂ ದನಿ ಏರಿಸಿದೆ. "ಕೇಳ್ದೆ ನುಂಗ್ಕೊಂಡಿದ್ರೆ ನಿಮಗೆ ಖುಷಿ ಆಗ್ತಿತ್ತಾ? ಮೇಷ್ಟರ ತಮ್ಮನಿಗೆ ಮಾಡಿದ ಉಪಕಾರ ಇವನಿಗೂ ಮಾಡ್ಬೇಕಿತ್ತಾ? ಕಂಡುಬಿಟ್ಟಿದೆ ಕಣ್ರೋ, ಏನು ಮಾಡ್ಲಿ!" ನನಗೆ ಅಳು ಬಂದುಬಿಟ್ಟಿತು. ವನಜಾಕ್ಷಿ ಸೀರೆ ಬಿಟ್ಟಳು.

ಕಲ್ಲೇಶಣ್ಣ ಕುರ್ಚಿಯ ಕೈ ಹಿಡಿದುಕೊಂಡು, "ಮನೇಲಿ ಹಾಲು ಕಾಯೋಕೆ ಇಟ್ಟು ಬಂದಿದ್ಲು" ಎಂದ.

"ಮನೆಗಳೆಲ್ಲ ಅಷ್ಟೊತ್ತಿಗೆ ಸುಟ್ಟುಹೋಗಿದ್ವಲ್ಲ" ಎಂದು ಓಬಳೇಶ ಬಾಯಿತಪ್ಪಿ ಅಂದು ನಾಲಿಗೆ ಕಚ್ಚಿಕೊಂಡ.

"ಮಗು ಬಿಟ್ಟು ಬಂದಿದ್ಲು."

"ಮಗು ಬಿಟ್ಟು ಬಂದೋಳು ಓಡ್ತಾಳೆ ಅಣ್ಣ. ಅವಳು ನಡೀತಿದಾಳೆ" ಎಂದೆ. ಒಪ್ಪಿದೆ ಎನ್ನಲು ಬಾಯಿ ತೆರೆದಿದ್ದೆ, ಬಂದದ್ದು ಇದು.

ಅವನು ಸಾಹೇಬರ ಕಡೆ ತಿರುಗಿ, "ಇನ್ನೊಂದು ಸಲ ಹಾಕ್ತೀರಾ? ಅವಳ ಮುಖ ನೋಡಿದ್ನೇ ಹೊರತು ಬೇರೇನೂ ನೋಡಿಲ್ಲ ನಾನು" ಎಂದ.

ದೀಪ ಆರಿತು. ಊರೆಲ್ಲ ಮತ್ತೆ ಓಡಿತು, ಗಂಗಮಾಳಿ ಮತ್ತೆ ಓಡಿ ಬಂದು, ನಿಂತು, ತಿರುಗಿದಳು. ಅವಳು ಪರದೆಯ ಅಂಚಿಗೆ ಹೋಗಿ ಇನ್ನೇನು ಮರೆಯಾಗಬೇಕು, ಅಷ್ಟರಲ್ಲಿ ಅವಳ ಬಲಗೈ ಸೆರಗನ್ನು ಹಿಡಿದು, ಸುತ್ತಿ ತಂದು, ಸೊಂಟಕ್ಕೆ ಸಿಕ್ಕಿಸಿತು.

ಮುಂದಿನ ಸಾಲುಗಳಲ್ಲಿ ಯಾರೋ ಹೆಂಗಸು "ಅಯ್ಯೋ ದೇವ್ರೇ!" ಎಂದು ಕಿಸಕ್ಕನೆ ನಕ್ಕಳು. ಕತ್ತಲಲ್ಲೇ ಕಲ್ಲೇಶಣ್ಣನ ದನಿ ಕೇಳಿಸಿತು. "ಜಗಳಕ್ಕೆ ಹೋಗ್ತಿದಾಳೆ."

ದೀಪ ಹಾಕಿದಾಗ ಅವನು ಎದ್ದು ನಿಂತಿದ್ದ. "ಮಂಗಳಮ್ಮಾ, ಸೆರಗು ಸಿಕ್ಕಿಸಿದ್ದು ನೋಡಿದ್ಯಾ? ಅವಳು ದಾರಿ ತಪ್ಪಿ ಹೋಗ್ಲಿಲ್ಲ, ಸಾಯೋಕೂ ಹೋಗ್ಲಿಲ್ಲ. ನಾಲ್ಕು ಮಾರು ಓಡಿದ್ಲು, ಆಮೇಲೆ ಯೋಚ್ನೆ ಬಂತು ಅವಳಿಗೆ. ಅಲ್ಲ, ನಮ್ಮೂರು, ನಮ್ಮ ಕೆರೆ, ನಾವ್ಯಾಕೆ ಓಡ್ಬೇಕು? ಎಲ್ಲಿಂದಲೋ ಬಂದು ಮನೆ ಸುಟ್ಟು, ಹೇಳದೆ ಕೇಳದೆ ಏರಿ ಮೇಲೆ ಕೂತಿದಾವೆ. ಯಾರಪ್ಪನ ಮನೆ ಗಂಟು ಅಂತ ಒಬ್ಬರಾದ್ರೂ ಕೇಳ್ಬೇಕೋ ಬೇಡ್ವೋ? ಕೇಳೋಕೆ ಹೋದ್ಲು."

ನನಗೆ ಗಂಗಮಾಳಿಯ ದನಿ ಕಿವಿಯಲ್ಲೇ ಕೇಳಿಸಿತು. ಹಿಟ್ಟು ತರಿಯಾಯಿತೆಂದು ಗಿರಣಿಯ ಬಾಗಿಲಲ್ಲಿ ಸೆರಗು ಸಿಕ್ಕಿಸಿಕೊಂಡು ಅವಳು ನಿಂತರೆ ನಾನು ಬೆಲ್ಟು ನಿಲ್ಲಿಸಿ ಕೇಳಬೇಕಾಗುತ್ತಿತ್ತು. ನಾನು ಇನ್ನೂ 'ಒಪ್ಪಿದೆ' ಎಂದಿರಲಿಲ್ಲ, ಅಷ್ಟರಲ್ಲಿ ಓಬಳೇಶ ಮುಜುಗರದಿಂದ ಕೈ ಎತ್ತಿದ. "ತಪ್ಪು ತಿಳ್ಕೋಬೇಡ ಕಲ್ಲೇಶಣ್ಣ. ಪಾಪ ಅಂತ ನಾನೂ ಒಂದು ನುಂಗ್ಕೊಂಡಿದ್ದೆ. ದಂಡು ಇಳಿದು ಮನೆ ಸುಟ್ಟದ್ದು ಬೆಳಿಗ್ಗೆ. ನಾಯಕ ಪೇಟೆಗೆ ಹೋಗಿ ಗಾಡಿ ತುಂಬ ಮೆಣಸಿನಕಾಯಿ ತರೋದು ಸಂಜೆ. ಅಷ್ಟು ಹೊತ್ತು ಅವು ಬಾಗ್ಲು ಹಾಕ್ಕೊಂಡು ಹಡಗಿನೊಳಗೇ ಕೂತಿರ್ತಾವಲ್ಲ, ಯಾಕೆ?"

ಕಲ್ಲೇಶಣ್ಣ ಅವನನ್ನೇ ನೋಡಿದ. ಅವನ ಮುಖದ ಮೇಲೆ ನಗು ನಿಧಾನವಾಗಿ ಬಂತು. ಮೂರು ವರ್ಷದಿಂದ ಆ ನಗುವನ್ನು ನಾವು ಕಂಡಿರಲಿಲ್ಲ. "ಹೊರಗೆ ಹೆಂಗೆ ಬರ್ತಾವೆ ಓಬಳೇಶಪ್ಪ? ಬಾಗ್ಲಲ್ಲಿ ಅವಳು ನಿಂತಿದಾಳಲ್ಲ!"

ಟಾಕೀಸು ಬಿದ್ದು ಬಿದ್ದು ನಕ್ಕಿತು. ನಕ್ಕವರೆಲ್ಲ ಅವಳ ಹತ್ತಿರ ಒಂದಲ್ಲ ಒಂದು ದಿನ ಬೈಸಿಕೊಂಡವರೇ. "ನಿಜ ಕಣ್ರೋ, ಅವಳಾದ್ರೆ ಸಂಜೇವರೆಗೂ ನಿಲ್ಲಿಸ್ತಾಳೆ!" ಎಂದು ಯಾರೋ ಕೂಗಿದರು. "ಒಪ್ಪಿದೆ, ಒಪ್ಪಿದೆ" ಎಂದು ಓಬಳೇಶ ಕಣ್ಣೊರೆಸಿಕೊಂಡ. ನಾನೂ ಅಂದೆ. ನಗುವೋ ಬಿಕ್ಕಳಿಕೆಯೋ ಅದರ ನಡುವೆ ಅಂದೆ, ಅಂದ ಕೂಡಲೇ ಗಂಟಲಲ್ಲಿದ್ದದ್ದು ಇಳಿದುಹೋಯಿತು. ನನಗೆ ಅವಳು ಆ ಕ್ಷಣದಲ್ಲಿ ಎಷ್ಟು ಬೇಕೆನಿಸಿದಳೆಂದರೆ, ಎದುರಿಗೆ ಬಂದು ನಾಲ್ಕು ಬೈದಿದ್ದರೂ ಸಾಕಿತ್ತು.

ದೀಪ ಹಚ್ಚಲು ಇನ್ನೂ ಒಂದು ಗಂಟೆಯಿತ್ತು. ಜನ ಮನೆಗೆ ಹೋದರು. ಕಲ್ಲೇಶಣ್ಣ ಮನೆಗೆ ಹೋಗಲಿಲ್ಲ. ನನ್ನ ಜೊತೆ ಗಿರಣಿಯವರೆಗೆ ನಡೆದುಬಂದು ಮೆಟ್ಟಿಲ ಮೇಲೆ ಕೂತ. ಎದುರಿನ ಗೋಡೆಗೆ 'ನಕ್ಷತ್ರದ ದಂಡು' ಪೋಸ್ಟರು ಅಂಟಿಸಿದ್ದರು. ಅವನು ಅದರಿಂದ ಕಣ್ಣು ತೆಗೆಯಲಿಲ್ಲ. ನಾನು ಕಾಫಿ ಮಾಡಿ ತಂದೆ, ಅದು ಕೈಯಲ್ಲೇ ಆರಿತು.

"ಇನ್ನೇನು ಭಯ ಅಣ್ಣ? ಎಲ್ಲರೂ ಒಪ್ಪಿದ್ರಲ್ಲ" ಎಂದೆ.

"ಎಲ್ಲರೂ ಅಲ್ಲ ಕಣಮ್ಮ. ನನ್ನ ಹೊಟ್ಟೇಲೂ ಒಂದಿದೆ. ಹದಿನಾರು ವರ್ಷದ್ದು." ಅವನು ಕಾಫಿಯನ್ನು ಕೆಳಗಿಟ್ಟ. "ಅವತ್ತು ಬೆಳಿಗ್ಗೆ ನಂಗೂ ಅವಳಿಗೂ ಜೋರು ಜಗಳ ಆಗಿತ್ತು. ಹಡಗಿನ ಮೇಲೆ ಕಳಸದ ಥರ ಇಡೋಕೆ ಅಂತ ಅವಳ ತವರಿನ ತಾಮ್ರದ ಬಿಂದಿಗೆ ಕೊಟ್ಟುಬಿಟ್ಟಿದ್ದೆ, ಅವಳನ್ನ ಒಂದು ಮಾತು ಕೇಳದೆ. ಅವ್ರು ಅದಕ್ಕೆ ತೂತು ಹೊಡೆದ್ರು. ಇನ್ನು ನಿನಗೂ ನನಗೂ ಮಾತಿಲ್ಲ ಅಂದ್ಲು. ಆಮೇಲೆ ನಾನು ಕೊಪ್ಪರಿಗೆ ಒಳಗೆ ಕೂತೆ. ಅಲ್ಲಿ ಏನು ಕಾಣ್ತದೆ, ನನ್ನ ಕಾಲೇ ನಂಗೆ ಕಾಣ್ತಿರ್ಲಿಲ್ಲ. ಸಂಜೆ ಹೊರಗೆ ಬಂದ್ರೆ, ನಿನ್ ಹೆಂಡ್ತಿ ಶೂಟಿಂಗ್ ನಡುವೇನೇ ಬಿಟ್ಟು ಮನೆಗೆ ಹೋದ್ಲು ಅಂದ್ರು. ನಮ್ಮ ಮನೇನೂ ಆ ಎಡಗಡೇಲೇ ಅಲ್ವಾ. ನನ್ನ ಪಕ್ಕದಲ್ಲೇ ಹಾದು, ತಿರುಗೀ ನೋಡ್ದೆ ಹೋದ್ಲು ಅಂದ್ಕೊಂಡೆ. ರಾತ್ರಿ ಮುದ್ದೆ ಇಕ್ಕಿದ್ಲು, ಬೇರೆ ಏನೋ ಮಾತಾಡಿದ್ಲು. ನಾನೂ ಕೇಳ್ಲಿಲ್ಲ. ಕೇಳಿ, ಹೌದು, ನಿನ್ನ ಮುಖ ನೋಡೋಕೆ ಇಷ್ಟ ಇರ್ಲಿಲ್ಲ ಅಂದುಬಿಟ್ರೆ? ಹಂಗೇ ಹದಿಮೂರು ವರ್ಷ ಆಯ್ತು, ಹೋಗೂಬಿಟ್ಲು."

ಹೊಣೆ ನಿಂತವನೂ ಟಾಕೀಸಿನೊಳಗೆ ಇದ್ದವನೇ, ಅವನು ನುಂಗಿಕೊಂಡದ್ದೂ ಲೆಕ್ಕವೇ. ಬಸ್‌ಸ್ಟ್ಯಾಂಡಿನ ಕಡೆ ಮೊದಲ ದೀಪ ಹತ್ತಿತು. ಆಮೇಲೆ ವನಜಾಕ್ಷಿಯ ಟಿಫನ್ ರೂಮಿನದು, ಆಮೇಲೆ ನಮ್ಮ ಬೀದಿಯ ಕಂಬದ್ದು. ನಾವಿಬ್ಬರೂ ಗೋಡೆಯನ್ನೇ ನೋಡುತ್ತಿದ್ದೆವು. ಒಂದು ಮನೆಯೂ ಬಿಡದೆ ದೀಪ ಹತ್ತಿದವು. ಪೋಸ್ಟರಿನ ಮೇಲೆ 'ನಕ್ಷತ್ರದ ದಂಡು' ಎಂಬ ಅಕ್ಷರಗಳು ಇದ್ದ ಹಾಗೇ ಇದ್ದವು. ನನಗೆ ಹಸಿರು ಸೀರೆ ನೆನಪಿತ್ತು, ತುರುಬು ನೆನಪಿತ್ತು, ಸೊಂಟಕ್ಕೆ ಸಿಕ್ಕಿಸಿದ ಸೆರಗು ನೆನಪಿತ್ತು.

"ಉಳ್ದೈತೆ" ಎಂದ ಕಲ್ಲೇಶಣ್ಣ. "ಉಳ್ದೈತೆ ಅಂದ್ರೆ, ಮಂಗಳಮ್ಮಾ, ನನ್ನ ಹೊಟ್ಟೇಲಿದ್ದದ್ದೂ…"

"ಒಪ್ಪಿಗೆ ಆಗಿದೆ ಅಂತಲೇ ಅರ್ಥ. ಬಾಯಲ್ಲಿ ಊರಿಗೆ ಉತ್ತರ ಕೊಟ್ಟೆ, ಒಳಗೆ ನೀನೂ ಅದನ್ನೇ ಒಪ್ಕೊಂಡೆ. ಆ ಹಡಗಿನೊಳಗೆ ಇದ್ದೋನು ಯಾರಣ್ಣ? ಅವಳು ನಿನ್ನ ಬಿಟ್ಟು ಹೋಗ್ಲಿಲ್ಲ. ನಿನಗೆ ಬೈಯೋಕೆ ಬಂದ್ಲು."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳಲು ಶುರುಮಾಡಿದ. ಅವಳು ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಒಬ್ಬಿಬ್ಬರು ತಿರುಗಿ ನೋಡಿದರು. ನಾನು ಒಳಗೆ ಹೋಗಿ ಗಿರಣಿಯ ಮೋಟಾರು ಹಾಕಿದೆ. ಕಾಳಿಲ್ಲದೆ ಓಡಿಸಿದರೆ ಕಲ್ಲು ಸವೆಯುತ್ತದೆ. ಸವೆದರೆ ಸವೆಯಲಿ ಎಂದು ಅವನ ಅಳು ನಿಲ್ಲುವವರೆಗೆ ಓಡಿಸಿದೆ.